ಬೇಲಿ ಬಡಿಯುವವಳು

ಓಬಕ್ಕನ ಕೆಲಸವನ್ನು ಹೇಳುವುದು ಸುಲಭ. ಗಿಡ ಕತ್ತರಿಸುವ ಮಿಷನ್ನು ಬೇಲಿಗೆ ಬಾಯಿ ಹಾಕುವ ಮೊದಲು ಅವಳು ಉದ್ದನೆಯ ಬಿದಿರು ಕೋಲಿನಿಂದ ಬೇಲಿಯನ್ನು ಬುಡದಿಂದ ತುದಿಯವರೆಗೆ ಬಡಿಯುತ್ತ ಹೋಗಬೇಕು. ಒಳಗೆ ಹಾವಿದ್ದರೆ ಸರಸರನೆ ಹರಿದು ಆಚೆ ಹೋಗುತ್ತದೆ. ಓತಿಕ್ಯಾತ ಇದ್ದರೆ ಪುಸಕ್ಕನೆ ಜಿಗಿದು ಓಡುತ್ತದೆ. ಇಲಿ, ಮುಂಗುಸಿ, ಬೆಕ್ಕಿನ ಮರಿ, ಒಮ್ಮೆ ಒಬ್ಬ ಕುಡುಕ, ಎಲ್ಲರೂ ಅವಳ ಕೋಲಿಗೆ ಎದ್ದು ಹೋದವರೇ. ಸದ್ದೆಲ್ಲ ಅಡಗಿದ ಮೇಲೆ ಓಬಕ್ಕ ತಿರುಗಿ, "ಏನೂ ಇಲ್ಲ, ಹೊಡೀರಿ" ಅನ್ನಬೇಕು. ಆಗ ದಿನೇಶ ಮಿಷನ್ನಿನ ಹಗ್ಗ ಎಳೆಯುತ್ತಾನೆ.

ದಾವಣಗೆರೆಯ ಪಾರ್ಕುಗಳಲ್ಲಿ ಗುತ್ತಿಗೆಯ ಮೇಲೆ ಅವಳು ಈ ಕೆಲಸ ಹಿಡಿದು ಆರು ವರ್ಷವಾಗಿತ್ತು. ಈ ಆರು ವರ್ಷದಲ್ಲಿ ಯಾರಿಗೂ ಹಾವು ಕಚ್ಚಿರಲಿಲ್ಲ, ಮಿಷನ್ನಿನ ಹಲ್ಲಿಗೆ ಒಂದು ಇಲಿಯೂ ಸಿಕ್ಕಿರಲಿಲ್ಲ. "ಓಬಕ್ಕ ಬಡಿದ್ಲು ಅಂದ್ರೆ ಬೇಲಿ ಖಾಲಿ" ಎಂದು ಮೇಸ್ತ್ರಿ ಗುಡ್ಡಪ್ಪ ಬೇರೆ ಕಡೆಯ ಮೇಸ್ತ್ರಿಗಳ ಮುಂದೆ ಹೇಳಿಕೊಳ್ಳುತ್ತಿದ್ದ. ಹರಿಹರದಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬಂದು, ಬಿಸಿಲಲ್ಲಿ ಭುಜ ಬೀಳುವಂತೆ ದುಡಿದು, ಮತ್ತೆ ನೇತಾಡಿಕೊಂಡು ಹೋಗುವ ಹೆಂಗಸಿಗೆ ಹೇಳಿಕೊಳ್ಳುವಂಥ ಮಾತು ಅದೊಂದೇ ಇತ್ತು. ಗಂಡ ಕೊಟ್ಟೂರೇಶ ಲಾರಿ ಹತ್ತಿದನೆಂದರೆ ಹದಿನೈದು ದಿನ ಮುಖ ಇಲ್ಲ. ಮನೆ, ಮಗಳು, ನೀರು, ಗ್ಯಾಸು, ಎಲ್ಲ ಅವಳ ತಲೆಯ ಮೇಲೆ.

ಆ ಮಂಗಳವಾರ ಅವರು ಸರಸ್ವತಿ ನಗರದ ಒಂದು ಪಾರ್ಕಿನ ಹಿಂಬದಿಗೆ ಹೋದರು. ಅಲ್ಲಿಯ ಗೋರಂಟಿ ಬೇಲಿಗೆ ಎರಡು ವರ್ಷದಿಂದ ಯಾರೂ ಕತ್ತರಿ ಮುಟ್ಟಿಸಿರಲಿಲ್ಲ. ಆಳಿಗಿಂತ ಎತ್ತರ ಬೆಳೆದು, ಒಳಗೊಳಗೇ ಹೆಣೆದುಕೊಂಡು, ಬೇಲಿ ಹೋಗಿ ಗೋಡೆಯಾಗಿತ್ತು. ಓಬಕ್ಕ ಬಡಿದಳು. ಎರಡು ಓತಿಕ್ಯಾತ ಓಡಿದವು. ಇನ್ನೊಮ್ಮೆ ಬಡಿದಳು. ಸದ್ದಿಲ್ಲ.

"ಏನೂ ಇಲ್ಲ, ಹೊಡೀರಿ."

ದಿನೇಶ ಹತ್ತು ಹೆಜ್ಜೆ ಕತ್ತರಿಸಿರಬೇಕು. ಉದುರುವ ಸೊಪ್ಪಿನ ನಡುವೆ ಏನೋ ಒಂದು ಸೊಪ್ಪಿನ ಹಾಗೆ ತೇಲದೆ ದೊಪ್ಪನೆ ಬಿತ್ತು. ಓಬಕ್ಕ ಬಾಗಿ ನೋಡಿದಳು. ಗೋರಂಟಿ ಎಲೆಯದೇ ಹಸಿರು, ಎಲೆಯ ಮೇಲೆ ಬಿಸಿಲು ಬಿದ್ದ ಹಾಗೆ ಅಲ್ಲಲ್ಲಿ ಹಳದಿ ಚುಕ್ಕೆ. ಗೋಸುಂಬೆ. ಸೊಂಟದ ಹತ್ತಿರ ಎರಡು ತುಂಡಾಗಿತ್ತು. ಹೊಟ್ಟೆಯೊಳಗಿಂದ ಬೆಳ್ಳಗಿನ ಮೊಟ್ಟೆಗಳು ಸೊಪ್ಪಿನ ಮೇಲೆ ಚೆಲ್ಲಿದ್ದವು, ನೆನೆಸಿಟ್ಟ ಅವರೆಕಾಳಿನಂತೆ. ಮುಂದಿನ ಅರ್ಧ ಇನ್ನೂ ಒಂದು ಕಡ್ಡಿಯನ್ನು ಹಿಡಿದೇ ಇತ್ತು. ಅವಳು ನೋಡುತ್ತಿದ್ದಂತೆ ಆ ಅರ್ಧದ ಹಸಿರು ಕಪ್ಪಿಗೆ ತಿರುಗಿತು, ಆಮೇಲೆ ಬೂದಿಗೆ.

"ಏ, ಗೋಸುಂಬಿ ಅದು! ಮುಟ್ಟಬ್ಯಾಡ, ಅದರ ಉಸಿರು ತಾಗಿದ್ರೆ ಮೈಯೆಲ್ಲ ಬೊಬ್ಬೆ ಏಳ್ತಾವ," ಎಂದು ಗುಡ್ಡಪ್ಪ ಮಾರು ದೂರ ಸರಿದ.

"ಖಾಲಿ ಅಂದ್ಯಲ್ಲಕ್ಕ?" ದಿನೇಶ ನಕ್ಕ. "ಇಷ್ಟು ದೊಡ್ಡ ಪ್ರಾಣಿ ನಿನ್ನ ಕೋಲಿಗೂ ಹೆದರ್ಲಿಲ್ವಾ? ನಿನ್ ಗಂಡನಿಗಿಂತ ಧೈರ್ಯ ಐತಿ ಬಿಡು."

ಓಬಕ್ಕ ನಗಲಿಲ್ಲ. ಮಿಷನ್ನಿನ ಹಲ್ಲಿಗೆ ಏನೋ ಸಿಕ್ಕಿಕೊಂಡು ಅದು ಗರಗರ ಅಂದು ನಿಂತಿತು. ಗ್ಯಾರೇಜಿಗೆ ಒಯ್ದು ಬಿಚ್ಚಿಸಬೇಕು ಎಂದ ದಿನೇಶ. ಉಳಿದದ್ದು ನಾಳೆ ಎಂಟಕ್ಕೆ ಎಂದ ಗುಡ್ಡಪ್ಪ. "ಇನ್ನೊಂದು ಕಂಡ್ರೆ ಕೂಗಕ್ಕ, ಕೋಲಿಂದನೇ ಮುಗ್ಸಿಬಿಡಾಣ. ಬ್ಲೇಡು ಯಾಕ ಹೊಲಸು ಮಾಡ್ಬೇಕು?" ಎಂದು ಹೇಳಿ ದಿನೇಶ ಹೋದ.

ಉಳಿದದ್ದು ನೂರಿಪ್ಪತ್ತು ಹೆಜ್ಜೆ. ಸೊಪ್ಪು ಬಾಚಿ ಟ್ರಾಕ್ಟರಿಗೆ ತುಂಬಿದ ಮೇಲೆ ಓಬಕ್ಕ ಒಬ್ಬಳೇ ಅದನ್ನು ಇನ್ನೊಮ್ಮೆ ಬಡಿದಳು, ಈ ಸಲ ಮೆಲ್ಲಗೆ, ಕಿವಿ ಒಡ್ಡಿಕೊಂಡು. ಏನೂ ಓಡಲಿಲ್ಲ. ಅಲ್ಲೇ ಅವಳಿಗೆ ತನ್ನ ತಪ್ಪು ಹೊಳೆಯಿತು. ಬಡಿದರೆ ಓಡುವುದು ಹಾವಿನ ಗುಣ. ಈ ಪ್ರಾಣಿಯ ಗುಣ ಬಡಿದರೆ ನಿಲ್ಲುವುದು. ಕೋಲು ಬಿದ್ದಷ್ಟೂ ಅದು ಕಡ್ಡಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಮೈ ಚಪ್ಪಟೆ ಮಾಡಿಕೊಂಡು ಕೊಂಬೆಯ ಆಚೆ ಬದಿಗೆ ಸರಿಯುತ್ತದೆ, ಎಲೆಯಾಗುತ್ತದೆ. ಆರು ವರ್ಷ ಅವಳು ಬರೀ ಸದ್ದು ಕೇಳಿ ಬೇಲಿ ಖಾಲಿ ಅಂದಿದ್ದಳು. ಎಷ್ಟು ಬೇಲಿಗೆ ಹಾಗೆ ಹೇಳಿದ್ದಳೋ, ಎಷ್ಟನ್ನು ಸೊಪ್ಪಿನ ಜೊತೆ ನೋಡದೆಯೇ ಬಾಚಿ ಟ್ರಾಕ್ಟರಿಗೆ ಹಾಕಿದ್ದಳೋ.

ಇದರೊಳಗೆ ಇನ್ನೆಷ್ಟಿವೆ? ಇದ್ದರೂ ಹಸಿರಿನೊಳಗಿನ ಹಸಿರನ್ನು ಹುಡುಕುವುದು ಹೆಂಗೆ?

ಆರು ಗಂಟೆಗೆ ಪಾಳಿಗೆ ಬಂದ ವಾಚ್‌ಮನ್ ಜಮಾಲ್ ಸಾಬರು ಅವಳು ಬೇಲಿಯ ಎದುರು ಸುಮ್ಮನೆ ನಿಂತದ್ದು ನೋಡಿದರು. ಒಂದು ಕಣ್ಣಿಗೆ ಪೊರೆ ಬಂದ ಮುದುಕರು. ಮೊದಲು ಮಂಡಿಪೇಟೆಯಲ್ಲಿ ಮೂಟೆ ಹೊರುತ್ತಿದ್ದವರು, ಬೆನ್ನು ಹೋದ ಮೇಲೆ ಇಲ್ಲಿಗೆ ಬಂದಿದ್ದರು.

"ಏನ್ ಕಳಕೊಂಡ್ಯವ್ವ? ಓಲೆ ಬಿತ್ತೇನು?"

ಅವಳು ಹೇಳಿದಳು. ಸಾಬರು ಗಡ್ಡ ಕೆರೆದುಕೊಂಡರು.

"ಹಗಲೊತ್ತು ಆ ದೇವರೇ ಬಂದ್ರೂ ಕಾಣಂಗಿಲ್ಲ. ರಾತ್ರಿ ಟಾರ್ಚ್ ಬಿಟ್ಟು ನೋಡು. ಬೆಳ್ಳಗಿರ್ತಾವ. ಹಾಲಿನ ಪ್ಯಾಕೀಟು ಹರಿದು ಕೊಂಬಿ ತುದಿಗೆ ಸಿಗಿಸಿದಂಗೆ. ನಾನು ಮೊದಮೊದಲು ಯಾರೋ ಕಸ ಒಗದಾರ ಅಂತ ಬೈಕೊಂತಿದ್ದೆ. ಒಂದಿನ ಕೋಲಿಂದ ತೆಗಿಯಾಕೆ ಹೋದ್ರೆ ಆ ಪ್ಯಾಕೀಟು ಕಣ್ಣು ಬಿಡ್ತು. ಯಾ ಅಲ್ಲಾ! ಆವತ್ತಿಂದ ಆ ಕಡೆ ಹಾಯ್ದಿಲ್ಲ."

"ಮಲಗಿದಾಗ ಬಣ್ಣ ಬಿಡ್ತಾವೇನ್ರಿ ಸಾಬ್ರೆ?"

"ಮಲಗಿದಾಗ ಯಾರಿಗೆ ವೇಷ ಬೇಕು ಬೇಟಾ? ಹದ್ದು ಮಲಗೈತೆ, ಕಾಗಿ ಮಲಗೈತೆ."

ಹೊತ್ತು ಮುಳುಗುತ್ತಿತ್ತು. ಆದರೆ ಪಾರ್ಕಿನಲ್ಲಿ ದೀಪ ಹತ್ತಿ, ವಾಕಿಂಗಿನವರು, ಚೆಂಡಿನ ಹುಡುಗರು ತುಂಬಿಕೊಂಡಿದ್ದರು. ಅವರೆದುರು ಒಂದನ್ನು ತೋರಿಸಿದರೂ ಹತ್ತು ಕಲ್ಲು ಬೀಳುತ್ತಿದ್ದವು. ಗೇಟು ಮುಚ್ಚುವವರೆಗೆ ನಿಲ್ಲೋಣವೆಂದರೆ ಮನೆಯಲ್ಲಿ ಮಗಳು ಒಬ್ಬಳೇ. ನಸುಕಿನಲ್ಲಿ ಬರುತ್ತೇನೆ, ಗೇಟು ತೆಗೆಯಿರಿ ಎಂದು ಹೇಳಿ ಅವಳು ಬಸ್ಸಿಗೆ ಓಡಿದಳು.

ಹರಿಹರದಲ್ಲಿ ಅವರ ಓಣಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬಿಡುತ್ತಿದ್ದರು, ಬೆಳಗಿನ ಐದಕ್ಕೆ. ಮರುದಿನವೇ ನೀರಿನ ದಿನ. ಅನ್ನಕ್ಕಿಟ್ಟು, ಕೂತಲ್ಲೇ ಕಣ್ಣು ಎಳೆಯುತ್ತಿದ್ದಾಗ ಓಬಕ್ಕ ಮಗಳಿಗೆ ವಿಷಯ ಹೇಳಿದಳು. ಎಂಟನೇ ಕ್ಲಾಸಿನ ಚೈತ್ರಾ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಐದಕ್ಕೆ ನಾನೊಬ್ಳೇ ಹನ್ನೆರಡು ಕೊಡ ಹಿಡೀಬೇಕು. ಎಂಟೂವರೆಗೆ ಗಣಿತ ಟೆಸ್ಟು."

"ಹೂಂನವ್ವ."

"ನಿನಗೆ ಗೋಸುಂಬಿ ಹೆಚ್ಚಾತು."

"ಹಂಗಲ್ಲ..."

"ಮತ್ತೆ ಹೆಂಗೆ? ಮಿಷನ್ ಹೊಡಿಯೋನು ಅವನು, ಹೊಡ್ಸೋನು ಮೇಸ್ತ್ರಿ. ನಡುವೆ ನಿಂದೇನು?"

ಓಬಕ್ಕ ಒಲೆಯ ಉರಿ ಸಣ್ಣ ಮಾಡಿದಳು. "ಹೊಡೀರಿ ಅಂದೋಳು ನಾನಲ್ಲೇನೇ," ಎಂದಳು.

ಚೈತ್ರಾ ಪುಟ ತಿರುವಿದಳು. ಊಟ ಬಡಿಸುವಾಗ, "ಸಣ್ಣ ಕೊಡ ಹೊರಗಿಡು. ದೊಡ್ಡದು ನನಗೆ ಎತ್ತಾಕೆ ಬರಲ್ಲ" ಎಂದಳು. ಅಷ್ಟೇ.

ಪಕ್ಕದ ಮನೆಯ ಫೈಸಲ್ ದಿನಾ ಬೆಳಗಿನ ಜಾವ ಮೂರೂಮುಕ್ಕಾಲಿಗೆ ಲಗೇಜ್ ಆಟೋದಲ್ಲಿ ಮಂಡಿಪೇಟೆಗೆ ಸರಕು ಒಯ್ಯುತ್ತಿದ್ದ. ಓಬಕ್ಕ ಮೂಟೆಗಳ ನಡುವೆ ಕೂತು, ದಾರಿಯುದ್ದಕ್ಕೂ ತೂಕಡಿಸಿ, ತಲೆ ಕಂಬಿಗೆ ಬಡಿಸಿಕೊಂಡಳು. ಅವನು ಸುತ್ತು ಹಾಕಿ ಪಾರ್ಕಿನ ಗೇಟಿಗೇ ತಂದು ಇಳಿಸಿದಾಗ ನಾಲ್ಕೂವರೆ. ಜಮಾಲ್ ಸಾಬರು ಶಾಲು ಹೊದ್ದು, ಟಾರ್ಚು ಹಿಡಿದು ನಿಂತಿದ್ದರು.

"ಬೆಳಕು ನಾನು ಬಿಡ್ತೀನಿ. ಮುಟ್ಟೋದು ಮಾತ್ರ ನೀನು. ಈ ವಯಸ್ಸಿನಾಗ ನನಗೆ ಬೊಬ್ಬೆ ಬ್ಯಾಡ."

ಒಂದೊಂದೇ ಹೆಜ್ಜೆ, ಮೇಲಿಂದ ಕೆಳಗೆ. ಇಪ್ಪತ್ತನೆಯ ಹೆಜ್ಜೆಯಲ್ಲಿ ಮೊದಲನೆಯದು ಸಿಕ್ಕಿತು. ಸಾಬರು ಹೇಳಿದ್ದು ಸುಳ್ಳಾಗಿರಲಿಲ್ಲ. ಹಗಲೆಲ್ಲ ಅಷ್ಟು ಜಾಣತನದಿಂದ ಇಲ್ಲವಾಗುವ ಪ್ರಾಣಿ ತೆಳ್ಳನೆಯ ಕೊಂಬೆಯ ತುತ್ತತುದಿಯಲ್ಲಿ, ಬಾಲವನ್ನು ಚಕ್ಕುಲಿಯಂತೆ ಸುತ್ತಿಕೊಂಡು, ಬೆಳ್ಳಗೆ, ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದಾದಂತೆ ಮಲಗಿತ್ತು. ಓಬಕ್ಕನಿಗೆ ತನ್ನ ಮಗಳು ಹೊದಿಕೆ ಒದ್ದು ಮಲಗುವುದು ನೆನಪಾಯಿತು.

ಅವಳು ಅದನ್ನು ಮುಟ್ಟಲಿಲ್ಲ. ಅದು ಮಲಗಿದ್ದ ಕೊಂಬೆಯನ್ನೇ ಒಂದು ಮೊಳ ಹಿಂದೆ ಕತ್ತರಿಸಿ, ದೀಪ ಹಿಡಿದಂತೆ ಹಿಡಿದುಕೊಂಡು, ಪಂಪಿನ ಮನೆಯ ಹಿಂದಿನ ಹೊಂಗೆ ಮರಕ್ಕೆ ಒಯ್ದಳು. ಅಲ್ಲಿ ಎಲೆಗಳ ನಡುವೆ ಕೊಂಬೆ ಸಿಕ್ಕಿಸಿದಳು. ಅದು ಎಚ್ಚೆತ್ತು ಬಾಯಿ ಅಗಲಿಸಿ ಹುಸ್ಸೆಂದಿತು.

ಎರಡನೆಯದು ಅರವತ್ತನೆಯ ಹೆಜ್ಜೆಯಲ್ಲಿ, ಅಂಗೈಯೊಳಗೆ ಮುಚ್ಚಬಹುದಾದ ಮರಿ. ಅಷ್ಟರಲ್ಲಿ ಸಾಬರಿಗೆ ಧೈರ್ಯ ಬಂದು, "ಅಗಾ, ನಿನ್ ಎಡಕ್ಕ, ಎಡಕ್ಕ! ನಿನಗೂ ಪೊರೆ ಬಂತೇನು?" ಎಂದು ಗದರಿಸತೊಡಗಿದ್ದರು. ಮೂರನೆಯದು ತೊಂಬತ್ತು ದಾಟಿದ ಮೇಲೆ, ದಪ್ಪ ಹೊಟ್ಟೆಯದು. ಅದನ್ನು ಹೊಂಗೆಗೆ ಒಯ್ಯುವಷ್ಟರಲ್ಲಿ ಮೂಡಲು ನಸುಗೆಂಪಾಗಿತ್ತು. ಗೇಟಿನ ಹತ್ತಿರ ವಾಕಿಂಗಿನವರು ಕೂಗಿದರು. ಸಾಬರು ಟಾರ್ಚನ್ನು ಅವಳ ಕೈಗೆ ಕೊಟ್ಟು ಬೀಗ ತೆಗೆಯಲು ಹೋದರು.

ಇಪ್ಪತ್ತು ಹೆಜ್ಜೆ ಬೇಲಿ ಉಳಿದಿತ್ತು. ಕತ್ತಲು ಇನ್ನು ಹತ್ತು ನಿಮಿಷ ಇದ್ದರೆ ಹೆಚ್ಚು.

ಆಗಲೇ ಪಂಪಿನ ಮನೆಯ ಮೇಲೆ ಕಾಗೆ ಬಂದು ಕೂತಿತು.

ಗೋಸುಂಬೆ ಇಟ್ಟ ಕಡೆ ಆ ಕಡೆಯ ಬಣ್ಣಕ್ಕೆ ತಟ್ಟನೆ ತಿರುಗುತ್ತದೆ ಎಂದು ಓಬಕ್ಕ ತಿಳಿದಿದ್ದಳು. ಎಲ್ಲರೂ ಹೇಳುವುದು ಹಾಗೆಯೇ. ಆದರೆ ದಪ್ಪ ಹೊಟ್ಟೆಯದು ಹಸಿರು ಹೊಂಗೆ ಎಲೆಯ ಮೇಲೆ ಕಪ್ಪಗೆ, ಸುಟ್ಟ ರೊಟ್ಟಿಯಂತೆ ಕೂತಿತ್ತು. ಹೆದರಿಕೆಗೋ ಸಿಟ್ಟಿಗೋ ಥಂಡಿಗೋ, ಹಸಿರು ಅದಕ್ಕೆ ಬರಲೊಲ್ಲದು. ಕಾಗೆ ತಲೆ ವಾರೆ ಮಾಡಿ ನೋಡಿತು. ಎರಡು ಹೆಜ್ಜೆ ಕುಪ್ಪಳಿಸಿತು.

ಅತ್ತ ಬೇಲಿ, ಇತ್ತ ಕಾಗೆ. ಬೇಲಿಯಲ್ಲಿ ಇನ್ನೊಂದು ಇದೆಯೋ ಇಲ್ಲವೋ ಗೊತ್ತಿಲ್ಲ. ಇಲ್ಲಿ ಇರುವುದು ಕಣ್ಣಿಗೆ ಕಾಣುತ್ತಿದೆ, ಅವಳೇ ಕಿತ್ತು ತಂದದ್ದು.

"ಹುಶ್! ಹೋಗ ನಿನ್ನ!"

ಕಾಗೆ ಹಾರಿತು, ಮತ್ತೆ ಬಂತು, ಇನ್ನೊಂದನ್ನು ಕರೆದುಕೊಂಡು ಬಂತು. ಓಬಕ್ಕ ಬಿದಿರು ಕೋಲು ಬೀಸುತ್ತ ಹೊಂಗೆಯ ಕೆಳಗೆ ನಿಂತೇ ಇದ್ದಳು. ಭುಜ ಸೋತು ಕೋಲು ತಾನಾಗಿ ಕೆಳಗಿಳಿಯುತ್ತಿತ್ತು, ಮತ್ತೆ ಎತ್ತುತ್ತಿದ್ದಳು. ಗೋಸುಂಬೆ ಒಂದು ಕಾಲು ಎತ್ತಿತು, ಇಡಲೋ ಬೇಡವೋ ಎಂಬಂತೆ ಹಿಂದೆ ಮುಂದೆ ತೂಗಿತು, ಗಾಳಿಗೆ ಎಲೆ ಅಲ್ಲಾಡಿದ ಹಾಗೆ. ಇನ್ನೊಂದು ಕಾಲು. ಮೊದಲ ಬಿಸಿಲು ಮರಕ್ಕೆ ತಾಗಿದಾಗ ಅದರ ಬೆನ್ನಿನ ಕಪ್ಪು ಪಟ್ಟೆಪಟ್ಟೆಯಾಗಿ ಒಡೆದು, ಸಂದಿನಲ್ಲಿ ಹಸಿರು ಊರಿಕೊಂಡು ಬಂತು. ಓಬಕ್ಕ ಕಣ್ಣು ಮಿಟುಕಿಸಿ ನೋಡುವಷ್ಟರಲ್ಲಿ ಎಲೆ ಯಾವುದು, ಅದು ಯಾವುದು ತಿಳಿಯದಾಯಿತು. ಕಾಗೆಗಳಿಗೂ ತಿಳಿಯಲಿಲ್ಲವೇನೋ. ಕೂಗುತ್ತ ರಸ್ತೆಯ ಕಡೆ ಹಾರಿಹೋದವು.

ಬೇಲಿಗೆ ಓಡಿದಳು. ಇಪ್ಪತ್ತು ಹೆಜ್ಜೆಯೂ ಹಸಿರೋ ಹಸಿರು.

ಏಳೂವರೆಗೆ ಫೋನು ಬಂತು. "ನೀರು ಹಿಡದೆ," ಎಂದಳು ಚೈತ್ರಾ. "ಒಂದು ಕೊಡ ಬಾಗಿಲಲ್ಲಿ ಚೆಲ್ಲೇತಿ. ನೀ ಬಂದು ಬೈಬ್ಯಾಡ." ಆಮೇಲೆ, "ಸಿಕ್ಕವಾ?" ಎಂದು ಕೇಳಿದಳು.

"ಮೂರು."

"ಮುಗೀತಾ?"

"ಇಲ್ಲ."

ಎಂಟಕ್ಕೆ ಮಿಷನ್ನು ಬಂತು. ನೂರು ಹೆಜ್ಜೆಯವರೆಗೆ ಓಬಕ್ಕ ಸುಮ್ಮನೆ ಹಿಂದೆ ನಡೆದು ಸೊಪ್ಪು ಬಾಚಿದಳು. ಅಲ್ಲಿಗೆ ಬಂದ ಮೇಲೆ ದಿನೇಶನ ಮುಂದೆ ಹೋಗಿ ಅಡ್ಡ ನಿಂತಳು.

"ಇದಿಷ್ಟು ನಾನು ಕತ್ರೀಲಿ ಮಾಡ್ತೀನಿ."

"ಯಾಕಕ್ಕ, ಮಿಷನ್ ಮ್ಯಾಲ ಮುನಿಸಾ?"

ಗುಡ್ಡಪ್ಪ ಬಂದ. "ಏನವ್ವ ಇದು? ಅರ್ಧ ತಾಸಿನ ಕೆಲಸಕ್ಕೆ ಇಡೀ ದಿನ ಮಾಡ್ತೀಯ?"

"ಮಾಡ್ತೀನ್ರಿ ಮೇಸ್ತ್ರಿ. ಊಟಕ್ಕೂ ಏಳಲ್ಲ. ಅವರು ಆ ಕಡೆ ಹುಲ್ಲು ಹೊಡೀಲಿ."

ಗುಡ್ಡಪ್ಪ ಅವಳ ಮುಖ ನೋಡಿದ. ಜಗಳವಾಡಲು ಅದರಲ್ಲಿ ಏನೂ ಸಿಗಲಿಲ್ಲ, ಬರೀ ನಿದ್ದೆಗೆಟ್ಟ ಕಣ್ಣು. "ಏನರ ಮಾಡ್ಕೊ," ಎಂದು ಹೋದ.

ಅವಳು ಒಂದು ಕೈಯಲ್ಲಿ ಕೊಂಬೆ ಹಿಡಿದು, ಸುತ್ತಲೂ ತಿರುಗಿಸಿ ನೋಡಿ, ಆಮೇಲೆ ಕತ್ತರಿಸಿದಳು. ಮತ್ತೆ ಇನ್ನೊಂದು ಕೊಂಬೆ. ಗೋರಂಟಿ ಮುಳ್ಳು ಮೊಣಕೈ ಗೀರಿತು. ಹನ್ನೆರಡು ಆಯಿತು, ಎರಡಾಯಿತು. ಬೆರಳು ಬಾತು ಕತ್ತರಿಯ ಹಿಡಿ ಬಿಡಿಸಲಾಗದಂತೆ ಅಂಟಿಕೊಂಡಿತು. ಹದಿನೆಂಟು ಹೆಜ್ಜೆಗೆ ಏನೂ ಸಿಗಲಿಲ್ಲ. ಇಲ್ಲಿ ಯಾವುದೂ ಇಲ್ಲವೇನೋ, ಹುಚ್ಚಿಯ ಹಾಗೆ ಸಾಯುತ್ತಿದ್ದೇನೇನೋ ಎಂದುಕೊಳ್ಳುತ್ತ ಹತ್ತೊಂಬತ್ತನೆಯದರಲ್ಲಿ ಒಂದು ಕೊಂಬೆಗೆ ಕತ್ತರಿ ಬಾಯಿ ತೆರೆದಳು. ಎರಡು ಎಲೆಗಳ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆಯೊಂದು ತಿರುಗಿತು. ಮೈಯಿಲ್ಲ, ತಲೆಯಿಲ್ಲ, ಕಣ್ಣು ಮಾತ್ರ. ಅವಳು ಕತ್ತರಿಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದಳು.

ಕೊಂಬೆ ಕೊಯ್ದು ಒಯ್ಯೋಣವೆಂದರೆ ಹಾದಿಯಲ್ಲಿ ಆಳುಗಳು ಊಟ ಮುಗಿಸಿ ಕೂತಿದ್ದರು. ಆ ಕೊಂಬೆಗಳ ಗುಂಪನ್ನು ಬಿಟ್ಟು ಸುತ್ತಲಿನದನ್ನು ಸಮ ಮಾಡಿದಳು.

ನಾಲ್ಕಕ್ಕೆ ಗುಡ್ಡಪ್ಪನೂ ದಿನೇಶನೂ ಬಂದರು.

"ಏ, ಇದೇನು ಕೋಳಿ ಜುಟ್ಟು ಬಿಟ್ಟಂಗೆ ಬಿಟ್ಟೀಯ? ಕೊಡು ಇಲ್ಲಿ ಕತ್ರಿ," ಎಂದು ಗುಡ್ಡಪ್ಪ ಕೈ ಚಾಚಿದ.

"ಕಡಜದ ಗೂಡು ಐತ್ರಿ ಅದ್ರಾಗ."

ಚಾಚಿದ ಕೈ ಹಿಂದೆ ಹೋಯಿತು. ದಿನೇಶ ಮಾತ್ರ ಹತ್ತಿರ ಬಂದು ಎಲೆಗಳೊಳಗೆ ಮುಖ ಇಟ್ಟ. "ಎಲ್ಲೈತಕ್ಕ? ಕಾಣವಲ್ದು."

ಅವನ ಮೂಗಿಗೂ ಗೋಸುಂಬೆಗೂ ಗೇಣು ದೂರ. ಓಬಕ್ಕನಿಗೆ ಈಗ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಮೈಯನ್ನು ಕಾಗದದಷ್ಟು ತೆಳ್ಳಗೆ ಮಾಡಿಕೊಂಡು ಕೊಂಬೆಯ ಹಿಂದಕ್ಕೆ ಕೂದಲೆಳೆ ಕೂದಲೆಳೆಯಷ್ಟೇ ಸರಿಯುತ್ತಿತ್ತು. ಒಂದು ಕಣ್ಣು ದಿನೇಶನ ಮೇಲೆ, ಇನ್ನೊಂದು ಅವಳ ಮೇಲೆ. ಅವಳೂ ಉಸಿರು ಬಿಗಿ ಹಿಡಿದು ನಿಂತಳು.

"ನಿನ್ನಂಥೋರಿಗೆ ಕಾಣೋಹಂಗ ಕಟ್ಟಿದ್ರೆ ಅವು ಬಾಳ್ವೆ ಮಾಡಿದಂಗೇ," ಎಂದಳು. "ಇನ್ನೂ ಮೂತಿ ಒಳಗಿಡು. ನಾಳೆ ನಿನ್ ಹೆಂಡ್ತಿ ನಿನ್ ಗುರುತು ಹಿಡೀಬಾರ್ದು, ಹಂಗ ಊದ್ತಾವ."

ಗುಡ್ಡಪ್ಪ ಗಹಗಹಿಸಿ ನಕ್ಕು, "ಬಾರೋ, ಇರೋ ಮುಖಾನೂ ಕೆಡಿಸ್ಕೊಬ್ಯಾಡ" ಎಂದು ಅವನನ್ನು ಎಳೆದುಕೊಂಡ. ದಿನೇಶ ಬೈದುಕೊಳ್ಳುತ್ತ ಹಿಂದೆ ಸರಿದ.

ಓಬಕ್ಕ ಇದ್ದಲ್ಲೇ ನೆಲಕ್ಕೆ ಕೂತು ಬುತ್ತಿ ಬಿಚ್ಚಿದಳು. ಡಬ್ಬಿಯ ಅನ್ನ ಹಳಸಿತ್ತು. ಗೇಟಿನ ಕಡೆ ಹೊರಟಿದ್ದ ಗುಡ್ಡಪ್ಪ ತಿರುಗಿ ಕೂಗಿದ.

"ನಾಳೆ ಪಿ.ಜೆ. ಬಡಾವಣೆ ಪಾರ್ಕು. ಎಂಟಕ್ಕೆ ಬಂದು ಬಡಿ."

"ಬೇಲಿ ಎಷ್ಟುದ್ದ ಐತ್ರಿ?"

"ಇದರ ಎರಡರಷ್ಟು ಇರ್ಬೇಕು. ಯಾಕ?"

ಎರಡರಷ್ಟು. ಅಂದರೆ ಮತ್ತೆ ಮೂರೂಮುಕ್ಕಾಲಿನ ಆಟೋ, ಸಾಬರಿಂದ ಕಡ ತಂದ ಟಾರ್ಚು, ಮತ್ತೆ ನಿದ್ದೆ ಇಲ್ಲ. ಒಬ್ಬಳಿಂದ ಕತ್ತಲಲ್ಲಿ ಅಷ್ಟೂ ಮುಗಿಯುವುದೂ ಇಲ್ಲ. ಓಬಕ್ಕ ಮೊಣಕಾಲ ಮೇಲೆ ಕೈ ಊರಿ ಎದ್ದಳು.

"ಮಿಷನ್ನು ಎಂಟಕ್ಕೆ ಬ್ಯಾಡ್ರಿ ಮೇಸ್ತ್ರಿ. ಹನ್ನೊಂದಕ್ಕೆ ತರ್ರಿ. ಬಡಿಯಾಕೆ ಹೊತ್ತು ಹಿಡಿತೈತೆ."

"ಬಡಿಯಾಕೆ ಹೊತ್ತು ಹಿಡಿಯೋದು ಯಾವಾಗಿಂದ?"

"ನಿನ್ನೆಯಿಂದ."

ಆರು ವರ್ಷದಲ್ಲಿ ಅವಳು ಹೆಚ್ಚಿಗೆ ಹೊತ್ತು ಕೇಳಿದ್ದು ಇದೇ ಮೊದಲಿರಬೇಕು. "ಹತ್ತಕ್ಕೆ ತರ್ತೀನಿ," ಎಂದು ಗುಡ್ಡಪ್ಪ ಹೊರಟ.

ಹತ್ತು. ಬೆಳಕಿನಲ್ಲಿ ಎರಡು ತಾಸು ಸಿಕ್ಕಿತು, ಉಳಿದದ್ದು ಕತ್ತಲಲ್ಲೇ ಆಗಬೇಕು. ಓಬಕ್ಕ ಫೋನು ತೆಗೆದು ಫೈಸಲ್‌ನ ನಂಬರು ಹುಡುಕಿದಳು.